ಆಮೆಯಜ್ಜಿಗೆ ಮುಟ್ಟದ ಸಿಳ್ಳೆ

ಈ ಕತೆ ಸುಳ್ಳು ಎನ್ನುವ ಧೈರ್ಯ ಯಾರಿಗಿದೆ, ಮಕ್ಕಳೇ? ಇದ್ದರೆ ಎದ್ದು ನಿಂತು ಹೇಳಿ, ನೋಡೇಬಿಡೋಣ! ಇಲ್ಲವೇ? ಹಾಗಾದರೆ ಕಿವಿ ಇತ್ತ ಕೊಡಿ.

ಕಾಡಿನ ನಡುವೆ ಒಂದು ಕೊಳ. ದಡದಲ್ಲಿ ದೊಡ್ಡದೊಂದು ಒಣಮರ. ಅದರಲ್ಲಿ ಮರಕುಟಿಗ ತಾತನ ವಾಸ. ಆ ಕಾಲದಲ್ಲಿ ಕಾಡಿನ ಸುದ್ದಿಯೆಲ್ಲ ಓಡುತ್ತಿದ್ದುದು ಅವನ ಕೊಕ್ಕಿನಿಂದಲೇ. "ಟಕ್, ಟಕ್" ಎಂದರೆ ಮಳೆ ಬಂತು. "ಟಕಟಕಟಕ" ಎಂದರೆ ಆನೆ ಬಂತು, ಏಳಿ! ಆಚೆ ಮರದ ಮರಕುಟಿಗ ಅದನ್ನೇ ಕುಟ್ಟಿ ಮುಂದಿನ ಮರಕ್ಕೆ ದಾಟಿಸುತ್ತಿದ್ದ. ಎಂಥ ಬೆಳಗುಗಳವು! ಆ ಕುಟ್ಟು ಕೇಳಿಯೇ ಮರಿಗಳು ಕಣ್ಣು ಬಿಡುತ್ತಿದ್ದವು.

ಅದೇ ಕಾಡಿನಲ್ಲಿ ಒಬ್ಬ ಕಾಜಾಣ. ಕರಿ ಮೈ, ಕವಲು ಬಾಲ, ಬಾಯಿ ಬಿಟ್ಟರೆ ಜಂಬ. ಯಾರ ದನಿಯನ್ನಾದರೂ ಥೇಟ್ ಹಾಗೇ ಹೊರಡಿಸುವ ಗಂಟಲು.

"ಒಂದು ಸುದ್ದಿಗೆ ತಾತ ಅರ್ಧ ದಿನ ಕುಟ್ಟಬೇಕು. ನನ್ನದು ಒಂದೇ ಸಿಳ್ಳೆ! ಎಷ್ಟು ಆನೆ, ಯಾವ ದಾರಿ, ಎಲ್ಲ ಅದರಲ್ಲೇ!" ಎಂದ.

ಮಾತು ನಿಜವೇ. ಜಿಂಕೆ, ಮೊಲ, ಮಂಗ ಎಲ್ಲರೂ ಸಿಳ್ಳೆ ಕಲಿತರು.

"ಆದರೆ ತಾತ ಕುಟ್ಟುತ್ತಿದ್ದರೆ ನನ್ನ ಸಿಳ್ಳೆ ಕೆಡುತ್ತದೆ. ಒಣಮರ ನನಗೆ ಬಿಡಿಸಿಕೊಡಿ" ಎಂದ ಕಾಜಾಣ.

"ಎಲ್ಲರಿಗೂ ನಿನ್ನ ಸಿಳ್ಳೆ ಮುಟ್ಟುತ್ತದೇನೋ, ಮಗಾ?" ತಾತ ಕೇಳಿದ.

"ಮುಟ್ಟದವರು ಕಿವಿ ತೊಳೆದುಕೊಳ್ಳಲಿ!"

ಎಲ್ಲರೂ ನಕ್ಕರು. ತಾತ ಹಳ್ಳದಾಚೆ ಹೊರಟುಹೋದ. ಕುಟ್ಟು ನಿಂತಿತು.

ಬೇಸಿಗೆಯಲ್ಲಿ ಕೊಳ ಬತ್ತಿತು. ಆ ಕೊಳದಲ್ಲೇ ಇದ್ದ ಆಮೆಯಜ್ಜಿ ಎಂದಿನಂತೆ ಒಣಮರದ ಬೇರಿನ ಪಕ್ಕ ಕೆಸರಿನೊಳಗೆ ಹೂತುಕೊಂಡು ಮಲಗಿದಳು. ಒಂದು ಮಧ್ಯಾಹ್ನ ದೂರದ ಗುಡ್ಡದಿಂದ ಆನೆಗಳು ಇಳಿದವು, ಕೊಳದ ತಳ ತುಳಿದು ನೀರು ಅಗೆಯಲು. ಕಾಜಾಣ ಸಿಳ್ಳೆ ಹಾಕಿದ. ಎಲ್ಲರೂ ಓಡಿದರು. ಕಾಜಾಣ ಎದೆಯುಬ್ಬಿಸಿ ಕೆಳಗೆ ನೋಡಿದರೆ, ಕೆಸರು ಮಾತ್ರ ಅಲುಗಲಿಲ್ಲ.

"ಅಜ್ಜೀ, ಏಳೇ! ಆನೆ ಬಂತು!"

ಊಹೂಂ. ಕಾಜಾಣ ಕೆಸರಿನ ಹತ್ತಿರಕ್ಕೇ ಇಳಿದ. ಮರಿಯಾಗಿದ್ದಾಗ ಗೂಡಿನಿಂದ ಬಿದ್ದ ತನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡು ಕೊಳವೆಲ್ಲ ಸುತ್ತಿಸಿದ ಅಜ್ಜಿ! ಬಿಸಿಲಿಗೆ ಕಾದ ಆ ಚಿಪ್ಪಿನ ಬಿಸಿ ಕಾಲಿಗೆ ಈಗಲೂ ತಾಗಿದಂತಾಯಿತು.

"ಟಕಟಕಟಕ!" ತಾತನ ಕುಟ್ಟನ್ನೇ ಗಂಟಲಿನಲ್ಲಿ ಹೊರಡಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೂ ಅಜ್ಜಿ ಏಳಲಿಲ್ಲ. ಕೆಸರಿನೊಳಗೆ ಅವಳಿಗೆ ಮುಟ್ಟುತ್ತಿದ್ದುದು ದನಿಯಲ್ಲ, ಬೇರಿನಲ್ಲಿ ಇಳಿದು ಬರುವ ನಡುಕ. ಕಾಜಾಣ ತಾನೇ ಮರ ಕುಟ್ಟಿದ. ಕೊಕ್ಕು ನೊಂದಿತೇ ಹೊರತು ಮರ ನಡುಗಲಿಲ್ಲ.

ಹಳ್ಳ ದಾಟಿ ಹಾರಿದ. "ತಾತಾ, ತಪ್ಪಾಯ್ತು! ಅಜ್ಜಿ ಸಾಯ್ತಾಳೆ, ಬಾ!"

ತಾತ ಹಾರಿ ಬಂದು ಕುಟ್ಟಿದ. ಬೇರು ನಡುಗಿತು. ಕೆಸರು ಬಿರಿಯಿತು. ಅಜ್ಜಿ ತೆವಳಿ ಬಂಡೆಯ ಸಂದಿಗೆ ಸೇರಿದಳು. ಅವಳು ಮಲಗಿದ್ದ ಜಾಗದಲ್ಲೇ ಆನೆಯ ಕಾಲು ದೊಪ್ಪನೆ ಊರಿತು.

"ಎಲ್ಲಿ ಹಾಳಾಗಿದ್ದೆಯೋ, ಮರಕುಟಿಗ?" ಅಜ್ಜಿ ಗೊಣಗಿದಳು. "ನಿನ್ನ ಕುಟ್ಟು ಮುಟ್ಟದೆ, ಮೇಲೆ ಕಾಡೇ ಇಲ್ಲವೇನೋ ಅಂದುಕೊಂಡಿದ್ದೆ."

"ತಾತನನ್ನು ಓಡಿಸಿದ್ದು ನಾನೇ, ಅಜ್ಜಿ" ಎಂದ ಕಾಜಾಣ.

ಅಂದಿನಿಂದ ಒಣಮರದಲ್ಲಿ ಕುಟ್ಟೂ ಉಂಟು, ಸಿಳ್ಳೆಯೂ ಉಂಟು. ಕಾಜಾಣನಿಗೆ ಕಾಡು ಕೊನೆಗೆ ಕೊಟ್ಟದ್ದು ಒಂದು ಕೆಲಸ: ಸುದ್ದಿ ಹೊರಟಾಗಲೆಲ್ಲ ಬಿಲಬಿಲಕ್ಕೂ ಹೋಗಿ, "ಮುಟ್ಟಿತಾ?" ಎಂದು ಕೇಳಿಬರುವುದು.

ನೀತಿ: ಹೊಸ ದಾರಿ ತೆರೆಯುವವನು, ಹಳೆಯ ದಾರಿಯನ್ನೇ ನಂಬಿದವರು ಇನ್ನೂ ಇದ್ದಾರೆಯೇ ಎಂದು ನೋಡದೆ ಅದನ್ನು ಮುಚ್ಚಬಾರದು.