ಕೆಂದಿ ಹಾಕ್ಕೊಂಡ ಕುಕ್ಕೆ

ಕೆಂದಿ ಅನ್ನೋ ಹಸು ಕರು ಹಾಕಿ ಒಂದು ತಿಂಗಳಾಗಿತ್ತು ಕಣ್ರಪ್ಪ. ಬೇಲಿ ಆಚೆ ನಿಂತಿದ್ದ ಕುದುರೆ ನಗಾಡ್ತು.

"ಏನೇ ಕೆಂದಿ, ಹೊಟ್ಟೇಲಿ ಇನ್ನೊಂದು ಕರು ಉಳ್ಕೊಂಡೈತಾ?"

ಆ ಮಾತು ಕೆಂದಿಗೆ ಮುಳ್ಳಿನಂಗೆ ಚುಚ್ತು. ಕಣ ತುಳಿಯೋವಾಗ ಎತ್ತು ತೆನೆಗೆ ಬಾಯಿ ಹಾಕ್ದಿರಲಿ ಅಂತ ಮೂತಿಗೆ ಕುಕ್ಕೆ ಕಟ್ತಾರಲ್ಲ, ಅದು ಗೂಟದಲ್ಲಿ ನೇತಾಡ್ತಿತ್ತು. ಅದರೊಳಕ್ಕೆ ಮೂತಿ ತೂರಿಸ್ಕೊಂಡು ನಿಂತ್ಬಿಟ್ಲು. ಹುಲ್ಲಿಲ್ಲ, ಬೂಸಾ ಇಲ್ಲ. ಮೂರನೇ ದಿನಕ್ಕೆ ಹೊಟ್ಟೆ ಒಳಕ್ಕೆ ಹೋಯ್ತು, ಕೆಂದಿಗೆ ಜಂಬ ಬಂತು. ಕರು ಮಾತ್ರ ಹಾಲು ಬತ್ತಿದ ಕೆಚ್ಚಲಿಗೆ ಗುದ್ದೀ ಗುದ್ದೀ ಸೋತು, ಅಂಬಾ ಅನ್ನೋಕೂ ತ್ರಾಣ ಇಲ್ದೆ ಮಲಗಿಬಿಡ್ತು.

ಕೆಂದಿ ಮುದಿ ಎತ್ತು ಹಂಡನ ಮುಂದೆ ಅತ್ಲು. "ಹಂಡಣ್ಣ, ನನ್ನ ಕರುಗೆ ಏನೋ ಕಾಯಿಲೆ."

"ಹದಿನೈದು ಸುಗ್ಗಿ ಆ ಕುಕ್ಕೆ ಕಟ್ಟಿಸ್ಕೊಂಡಿರೋನು ನಾನು," ಅಂದ ಹಂಡ. "ಅದರ ಮರ್ಮ ನನ್ನಂಗೆ ಬಲ್ಲೋರು ಈ ಸೀಮೇಲೇ ಇಲ್ಲ. ನೀನು ಅದನ್ನ ಹಾಕಿರೋದು ನಿನ್ನ ಬಾಯಿಗಲ್ಲ ಕಣೇ, ಕರು ಬಾಯಿಗೆ."

ಕೆಂದಿ ತಲೆ ಕೊಡವಿ ಕುಕ್ಕೆ ಬೀಳಿಸಿದ್ಲು. "ಹಂಗಾದ್ರೆ ಈ ಹೊಟ್ಟೆ?"

"ಹಸಿವಾದಷ್ಟು ತಿನ್ನು. ಕರು ಕುಡೀಲಿ. ಮೈಗೆ ಕಸುವು ಬಂದ್ಮೇಲೆ ದಿನಾ ಅದರ ಜೊತೆ ಕೆರೆಗಂಟ ನಡಿ. ಒಂಬತ್ತು ತಿಂಗಳು ಬೆಳೆದ ಹೊಟ್ಟೆ ಮೂರು ದಿನಕ್ಕೆ ಕರಗ್ಬೇಕು ಅಂದ್ರೆ ಹೆಂಗೆ?"

ಕೆಂದಿ ಹಂಗೇ ಮಾಡಿದ್ಲು. ಮುಂದಿನ ಸುಗ್ಗಿ ಹೊತ್ತಿಗೆ ಹೊಟ್ಟೆ ತಾನಾಗೇ ಇಳಿದಿತ್ತು. ಕುದುರೆ ಮತ್ತೇನೋ ಅನ್ನೋಕೆ ಬಾಯಿ ತೆಗೀತು. ಅಷ್ಟರಲ್ಲಿ ದುಂಡಗೆ ಬೆಳೆದಿದ್ದ ಕರು ಬೇಲಿ ಹಾರಿ ಹೋಗಿ, ಕುದುರೆ ಪಕ್ಕೆಗೆ ಗುದ್ದಿ ಬಾಯಿ ಮುಚ್ಚಿಸ್ತು.