ದೊಡ್ಡ ಗಾಲಿ, ಗುಡ್ಡದ ಏರು

ಹೊಳೆ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಒಬ್ಬರು ಅಜ್ಜಾರು, ಅವರಿಗೊಬ್ಬ ಶಿಷ್ಯ ಚೆನ್ನವೀರ, ಇಬ್ಬರಿಗೂ ಸೇರಿ ಒಂದು ಹಳೇ ಪಿಕಪ್ ಗಾಡಿ.

ಹೊಳೆಯಾಚೆ ಗುಡ್ಡದ ನೆತ್ತಿಯಲ್ಲಿ ಮೂವತ್ತು ಮನೆಯ ತಾಂಡಾ. ಅಲ್ಲಿಯ ಬಾವಿ ನೀರು ಸವಳಾಗಿ ವರ್ಷವಾಗಿತ್ತು. ಮಠದ ಬೋರಿನ ಸಿಹಿನೀರನ್ನು ಸಾವಿರ ಲೀಟರಿನ ಟಾಕಿಗೆ ತುಂಬಿ, ದಿನವೂ ಗುಡ್ಡ ಹತ್ತಿಸುವುದು ಚೆನ್ನವೀರನ ಸೇವೆ. ಬೇರೆಯವರು ಜಪ ಮಾಡಿ ಪುಣ್ಯ ಗಳಿಸಿದರೆ ಇವನು ಕ್ಲಚ್ ತುಳಿದು ಗಳಿಸುತ್ತಿದ್ದ ಅನ್ನಿ.

ಹೊಳೆಯ ಉಸುಕಿನಲ್ಲಿ ಗಾಡಿ ಆಗಾಗ ಹೂತುಕೊಳ್ಳುತ್ತಿತ್ತು. ಅದನ್ನು ನೋಡಿದ ಭಕ್ತರೊಬ್ಬರು ನಾಲ್ಕು ದೊಡ್ಡ ಟೈರು ಕೊಡಿಸಿದರು. ಚೆನ್ನವೀರ ಕುಣಿದಾಡಿಬಿಟ್ಟ. ಹರೆಯದ ಹುಡುಗ, ಕೇಳಬೇಕೆ!

ಹೊಳೆ ದಾಟುವುದೇನೋ ಬೆಣ್ಣೆಯಲ್ಲಿ ಕೂದಲು ತೆಗೆದಂತಾಯಿತು. ಆದರೆ ಗುಡ್ಡದ ಏರಿನಲ್ಲಿ ಗಾಡಿ ಅರ್ಧಕ್ಕೇ ಉಬ್ಬಸ ಬಂದು ನಿಂತಿತು. ಕ್ಲಚ್ ಸುಟ್ಟ ವಾಸನೆ ಬಂತು, ಗಾಡಿ ಹಿಂದಕ್ಕೆ ಜಾರತೊಡಗಿತು. ಅರ್ಧ ನೀರು ಚೆಲ್ಲಿ, ಹಗುರ ಮಾಡಿ, ಹೇಗೋ ಮೇಲೆ ಮುಟ್ಟಿಸಿದ.

ಮರುದಿನವೂ ಅದೇ ಹಾಡು. ಮೂರನೇ ದಿನವೂ ಅದೇ.

ಹದಿನೈದು ಮನೆಗೆ ನೀರು ಸಿಕ್ಕಿತು, ಇನ್ನು ಹದಿನೈದು ಮನೆಯವರು ಬಿಸಿಲಲ್ಲಿ ಗುಡ್ಡ ಇಳಿದು ಕೊಡ ಹೊತ್ತರು. ತಾಂಡಾದ ಹಿರಿಯಳು ಗೋಮಲಿಬಾಯಿ ಖಾಲಿ ಕೊಡ ಬೋರಲು ಹಾಕಿ ತೋರಿಸಿದಳು.

"ಏನ್ ಸ್ವಾಮಿ, ಗಾಡಿ ದೊಡ್ಡದಾತು, ನೀರು ಸಣ್ಣದಾತು?"

ಚೆನ್ನವೀರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪೇಟೆಯ ಮೆಕ್ಯಾನಿಕ್ ರಾಜೇಸಾಬ ಗಾಡಿಯ ಕೆಳಗೆ ತೂರಿ, ಎದ್ದು ಬಂದು ಕೈ ಒರೆಸಿಕೊಂಡ.

"ಗಾಲಿ ದೊಡ್ಡವು ಹಾಕೀರಿ, ಎಕ್ಸೆಲ್ ಒಳಗಿನ ಹಲ್ಲು ಹಳೇವ ಅದಾವು. ಎಂಜಿನ್‌ಗೆ ಭಾರ ಆಗತೈತ್ರಿ. ಆ ಹಲ್ಲಿನ ಜೋಡಿ, ಕ್ರೌನ್ ಪಿನಿಯನ್ ಅಂತಾರ, ಬದಲಿ ಮಾಡಬೇಕು. ನಾಲ್ಕೂ ಗಾಲಿ ಎಳಿಯೋ ಗಾಡಿ ಇದು, ಹಿಂದಿಂದೂ ಮುಂದಿಂದೂ ಒಂದ ಲೆಕ್ಕದವು ಇರಬೇಕು, ಇಲ್ಲಾಂದ್ರ ಅತ್ತಿ-ಸೊಸಿ ಹಂಗ ಜಗಳಾಡಿ ಮುರಕೋತಾವು."

"ಎಂಥಾವು ಹಾಕೂದು?"

"ನನ್ನ ಹತ್ರ ಎರಡು ನಮೂನಿ ಅದಾವು. ಒಂದು ನಾಲ್ಕರದು. ಒಳಗಿನ ಶಾಫ್ಟು ನಾಲ್ಕು ಸುತ್ತು ತಿರುಗಿದ್ರ ಗಾಲಿ ಒಂದು ಸುತ್ತು. ಡಾಂಬರ್ ರಸ್ತೇದಾಗ ಗಾಳಿ ಹಂಗ ಓಡತೈತಿ, ಏರಿನಾಗ ಅರ್ಧ ಟಾಕಿ ಇದ್ರ ಹತ್ತತೈತಿ, ತುಂಬಿದ್ರ ಇಲ್ಲ. ಇನ್ನೊಂದು ಐದರದು. ಅದು ತುಂಬಿದ ಟಾಕಿ ಹೊತ್ತು ಗ್ವಾಡೀನೂ ಹತ್ತತೈತಿ, ಆದ್ರ ರಸ್ತೇದಾಗ ಬರೇ ಒದರತೈತಿ, ಓಟ ಇಲ್ಲ. ನಾಳೆ ಹೇಳ್ರಿ. ಒಮ್ಮೆ ಕೂಡಿಸಿದೆ ಅಂದ್ರ ಮತ್ತ ಬಿಚ್ಚಾವಲ್ಲ ನಾ."

ಸಂಜೆ ಚೆನ್ನವೀರ ಅಜ್ಜಾರ ಮುಂದೆ ಕೂತ.

"ನಾಲ್ಕರದು ಹಾಕಸೋಣ್ರಿ ಅಜ್ಜಾರ. ಲೆಕ್ಕ ಹಾಕೀನಿ. ಏರು ಅಂದ್ರ ಬರೇ ಒಂದು ಕಿಲೋಮೀಟರ್. ಸಂತಿಗೆ ಹೋಗಿ ಬಂದ್ರ ಅರವತ್ತು. ಹೆಚ್ಚು ಓಡೂದು ಎಲ್ಲೋ ಅದಕ್ಕ ತಕ್ಕಂಗ ಇರಬೇಕಲ್ರಿ? ನೀರು ಅರ್ಧರ್ಧ ತುಂಬಿ ಎರಡು ಸಲ ಒಯ್ದರಾತು."

ಸಪಾಟು ರಸ್ತೆಯಲ್ಲಿ ಕಾಲೊತ್ತಿ ಓಡಿಸುವ ಖುಷಿಯ ಮಾತನ್ನು ಮಾತ್ರ ಆಡಲಿಲ್ಲ. ಅದನ್ನು ಅವನು ತನಗೇ ಹೇಳಿಕೊಂಡಿರಲಿಲ್ಲ.

"ನನಗ ಗಾಡಿ ತಿಳಿಯಂಗಿಲ್ಲಪಾ," ಅಂದರು ಅಜ್ಜಾರು. "ಹೋಗು, ಬಾವಿ ಹಗ್ಗ ತಗೊಂಡು ಬಾ."

ಆ ಮಠದಲ್ಲಿ ಒಂದು ಪದ್ಧತಿ. ಗದ್ದುಗೆಯ ಪೂಜೆಗೆ ಬೋರಿನ ನೀರು ಆಗುವುದಿಲ್ಲ, ಹಳೇ ಬಾವಿಯಿಂದ ಕೈಯಾರೆ ಸೇದಿದ ನೀರೇ ಬೇಕು. ದಿನಾ ಮುಂಜಾನೆ ಸೇದುವವನೂ ಚೆನ್ನವೀರನೇ. ಹಗ್ಗ ತಂದಿಟ್ಟ.

"ಬಾವ್ಯಾಗ ನೀರು ಎಷ್ಟು ಮೊಳಕ್ಕ ಸಿಗತೈತೊ?"

"ಮಳಿಗಾಲ, ಚಳಿಗಾಲ ಹತ್ತು ಮೊಳಕ್ಕ ಸಿಗತೈತ್ರಿ. ಬ್ಯಾಸಗ್ಯಾಗ ಇಪ್ಪತ್ತಕ್ಕ ಇಳೀತೈತಿ."

"ಬ್ಯಾಸಗಿ ಎಷ್ಟು ತಿಂಗಳು?"

"ಮೂರು."

"ಮತ್ತ ಉಳಿದ ಒಂಬತ್ತು ತಿಂಗಳು ಇಷ್ಟುದ್ದ ಹಗ್ಗ ಯಾಕ ಹೊರತೀ? ಹುಚ್ಚಪ್ಪ!" ಅಂದವರೇ ಅಜ್ಜಾರು ಕುಡುಗೋಲು ತೆಗೆದು ಹಗ್ಗವನ್ನು ಹನ್ನೆರಡು ಮೊಳಕ್ಕೆ ಕತ್ತರಿಸಿಬಿಟ್ಟರು.

ಚೆನ್ನವೀರ ಬಾಯಿ ತೆರೆದ. ಈಗ ಬ್ಯಾಸಗಿ ಐತಲ್ರಿ ಅನ್ನಬೇಕೆಂದಿದ್ದ. ಅಜ್ಜಾರು ಆಗಲೇ ಎದ್ದು ಹೋಗಿದ್ದರು.

ಮುಂಜಾನೆ ಪೂಜೆಯ ಹೊತ್ತು. ಚೆನ್ನವೀರ ಕೊಡ ಇಳಿಬಿಟ್ಟ. ಹಗ್ಗದ ತುದಿ ಕೈಗೆ ಬಂತು, ಕೊಡ ಮಾತ್ರ ಗಾಳಿಯಲ್ಲಿ ತೂಗಾಡುತ್ತಿತ್ತು. ಬಗ್ಗಿದ, ತೋಳು ಚಾಚಿದ. ನೀರು ಎಂಟು ಮೊಳ ಕೆಳಗೆ ತಣ್ಣಗೆ ಮಿನುಗುತ್ತಿತ್ತು.

ಅವನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಗೋಮಲಿಬಾಯಿಯ ಬೋರಲು ಕೊಡ ಕಣ್ಣಮುಂದೆ ಬಂದು, ನಾಚಿಕೆಯಾಯಿತು. ಕೊನೆಗೆ ಬಾವಿಕಟ್ಟೆಯ ಮೇಲೆ ಕೂತು ಒಬ್ಬನೇ ನಕ್ಕ.

ತಿರುಗಿ ನೋಡಿದರೆ, ಉಳಿದ ತುಂಡು ಹಗ್ಗ ಹೆಗಲಿಗೆ ಹಾಕಿಕೊಂಡು ಅಜ್ಜಾರು ನಿಂತಿದ್ದರು.

"ಐದರದು ಹಾಕಸ್ತೀನ್ರಿ," ಅಂದ.

"ಮೊದಲು ಗಂಟು ಹಾಕು. ಒಳಗ ದೇವರು ಕಾಯಾಕತ್ತಾನ."

ರಾಜೇಸಾಬ ಎರಡು ದಿನದಲ್ಲಿ ಹಿಂದಿನದು, ಮುಂದಿನದು ಎರಡನ್ನೂ ಕೂಡಿಸಿಕೊಟ್ಟ.

ಮೂರನೇ ದಿನ ಚೆನ್ನವೀರ ಟಾಕಿಯನ್ನು ಬಾಯಿಮಟ್ಟ ತುಂಬಿ ಏರಿಗೆ ಬಂದ. ಫಸ್ಟ್ ಗೇರಿಗೆ ಹಾಕಿ ಮೆಲ್ಲಗೆ ಕಾಲಿಟ್ಟ. ಗಾಡಿ ನಿಲ್ಲಲಿಲ್ಲ, ಜಾರಲಿಲ್ಲ, ವಾಸನೆ ಬರಲಿಲ್ಲ. ನಡೆದು ಹೋಗುವವರ ವೇಗದಲ್ಲಿ ಹತ್ತಿಯೇ ಹತ್ತಿತು. ಮೇಯಲು ಹೊರಟ ಒಂದು ಆಡು ಪಕ್ಕದಲ್ಲೇ ನಡೆದು, ಬೇಸರ ಬಂದು, ಮುಂದೆ ಹೋಯಿತು.

ಮೂವತ್ತು ಮನೆಯ ಕೊಡಗಳೂ ತುಂಬಿದವು. ಕೊನೆಯ ಕೊಡ ಗೋಮಲಿಬಾಯಿಯದು. ಅವಳು ಅದರಿಂದಲೇ ಒಂದು ತಂಬಿಗೆ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಕುಡಿದ. ಇಷ್ಟು ದಿನ ತಾನೇ ಹೊತ್ತು ತಂದ ನೀರು ಇಷ್ಟು ರುಚಿ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಹೊಟ್ಟೆ ತಣ್ಣಗಾಯಿತು, ಮನಸ್ಸೂ.

ಸಂತೆಯ ದಿನ ಅಜ್ಜಾರು ಪಕ್ಕದಲ್ಲಿ ಕೂತಿದ್ದರು. ಡಾಂಬರ್ ರಸ್ತೆ ನೆಟ್ಟಗೆ ಬಿದ್ದಿತ್ತು. ಗಾಡಿ ಒದರುವುದು ಬಹಳ, ಓಡುವುದು ಕಡಿಮೆ.

ಮದುವೆ ಮಂದಿಯ ಬಸ್ಸೊಂದು ಹಾರ್ನ್ ಹೊಡೆಯುತ್ತ ಪಕ್ಕಕ್ಕೆ ಬಂತು. ಕಿಟಕಿಯಿಂದ ಒಬ್ಬ ತಲೆ ಹೊರಹಾಕಿ ಕೂಗಿದ: "ಏ ಸ್ವಾಮಿ, ಗಾಲಿ ನೋಡಿದ್ರ ಆನಿ ಕಾಲು, ಓಟ ನೋಡಿದ್ರ ಆಮಿದು!"

ಬಸ್ಸಿನ ತುಂಬ ನಗು. ಬಸ್ಸು ಮುಂದೆ ಹೋಯಿತು. ಅದರ ಹಿಂದೆ ಒಂದು ಜೀಪು, ಒಂದು ಟೆಂಪೋ.

ಚೆನ್ನವೀರನ ಕಿವಿ ಕೆಂಪಾದವು.

"ಎಲ್ಲಾರೂ ನಮ್ಮನ್ನ ಹಿಂದ ಹಾಕಿ ಹೊಂಟಾರ್ರಿ, ಅಜ್ಜಾರ."

ಅಜ್ಜಾರು ಶೇಂಗಾ ಸುಲಿದು ಬಾಯಿಗೆ ಹಾಕಿಕೊಂಡು, ಹೋದ ಬಸ್ಸಿನ ಧೂಳನ್ನು ನೋಡಿದರು.

"ಹೋಗ್ಲಿ ಬಿಡೊ. ಪಾಪ, ಅವರಿಗೆ ಗುಡ್ಡ ಇಲ್ಲ."