ಮೂರು ಕಾಲಕ್ಕೂ ಒಂದೇ ಬಟ್ಟೆ

ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಬಕ್ಕೇಶ ಟವೆಲ್ ಮಾರುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ರೇಷ್ಮೆ ವಿಭಾಗಕ್ಕೆ ಹೋಗಬೇಕೆಂಬುದೊಂದೇ ಅವನ ಆಸೆ. ಅಲ್ಲಿ ಫ್ಯಾನಿದೆ, ಕೂರಲು ಗಾದಿಯಿದೆ, ಗಿರಾಕಿಗಳು ಬಹುವಚನದಲ್ಲಿ ಮಾತಾಡಿಸುತ್ತಾರೆ.

ಒಂದು ದಿನ ಅಕ್ಕಿ ಗಿರಣಿಯ ಕೊಟ್ರೇಶಪ್ಪನವರು ಬಂದು, "ಬೇಸಿಗೆ, ಮಳೆ, ಚಳಿ, ಮೂರಕ್ಕೂ ಆಗೋ ಒಂದೇ ಬಟ್ಟೆ ಕೊಡ್ರಿ" ಎಂದರು. ಹತ್ತಿ ತೋರಿಸಿದರೆ ಚಳಿಗೆ ಆಗದು, ಉಣ್ಣೆ ತೋರಿಸಿದರೆ ಬೇಸಿಗೆಗೆ ಆಗದು. "ಇಷ್ಟು ದೊಡ್ಡ ಅಂಗಡೀಲಿ ಅದೊಂದು ಇಲ್ಲೇನ್ರೀ?" ಎಂದು ಗದರಿದರು.

ಅಂಗಡಿಯ ಸಾಹುಕಾರರು ಗಾಬರಿಯಾಗಿ, "ಇವರನ್ನ ಒಪ್ಪಿಸಿದವನಿಗೆ ರೇಷ್ಮೆ ವಿಭಾಗ" ಎಂದು ಕೆಲಸದವರ ಕಿವಿಯಲ್ಲಿ ಹೇಳಿದರು.

ಬಕ್ಕೇಶ ಒಂದು ಟವೆಲ್ ತಂದು ಕೊಟ್ರೇಶಪ್ಪನವರ ಹೆಗಲಿಗೆ ಹಾಕಿದ.

"ಯಜಮಾನ್ರೇ, ಬೇಸಿಗೇಲಿ ಬೆವರು ಒರೆಸ್ಕೊಳ್ಳಿ, ಮಳೇಲಿ ತಲೆ ಒರೆಸ್ಕೊಳ್ಳಿ, ಚಳೀಲಿ ಕಿವಿಗೆ ಸುತ್ಕೊಳ್ಳಿ."

ಕೊಟ್ರೇಶಪ್ಪನವರು ಟವೆಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು, "ಭಲೆ ಮಾರಾಯಾ!" ಎನ್ನುತ್ತ ಟವೆಲ್ ಹೊತ್ತುಕೊಂಡೇ ಹೋದರು.

ಮರುದಿನದಿಂದ ಊರೆಲ್ಲ ಟವೆಲ್ಲಿಗೆ ಬಂತು, ಅದೂ ಬಕ್ಕೇಶನ ಕೈಯಿಂದಲೇ ಬೇಕೆಂದು. ರೇಷ್ಮೆ ವಿಭಾಗದ ಮಾತನ್ನು ಬಕ್ಕೇಶ ಸಾಹುಕಾರರಿಗೆ ನೆನಪಿಸಿದ. ಸಾಹುಕಾರರು ಪ್ರೀತಿಯಿಂದ ಬೆನ್ನು ತಟ್ಟಿದರು.

"ರೇಷ್ಮೆ ಯಾರು ಬೇಕಾದ್ರೂ ಮಾರ್ತಾರಪ್ಪ. ಟವೆಲ್ ಮಾರೋಕೆ ನಿನ್ನಂಥೋನು ಇನ್ನೊಬ್ಬ ಸಿಗ್ತಾನೇನು?"

ಅವತ್ತು ಅಷ್ಟು ಚೆನ್ನಾಗಿ ಮಾರಬಾರದಿತ್ತು ಎಂದು ಬಕ್ಕೇಶ ಇವತ್ತಿಗೂ ಟವೆಲ್ ಮಡಿಸುತ್ತ ಹಳಹಳಿಸುತ್ತಾನೆ.